ಹೆಸರು ಹೇಳಿದವರ ಹೆಸರು: ಕೊಟ್ಟಾರದಲ್ಲಿ ಎರಡು ಬೆಳಗು

ಮಂಗಳೂರನ್ನು ನೋಡಿ ಬಂದವರು ಹೇಳುವ ಮಾತು ಬಹುಮಟ್ಟಿಗೆ ಒಂದೇ ಬಗೆಯದು. ಕದ್ರಿಯ ಮಂಜುನಾಥನ ಗುಡಿ, ಮಂಗಳಾದೇವಿಯ ಸನ್ನಿಧಿ, ಸುಲ್ತಾನ್ ಬತ್ತೇರಿ, ಪಣಂಬೂರಿನ ಕಡಲದಂಡೆ. ಇವನ್ನು ಕುರಿತು ಬರೆದವರು ಅನೇಕರಿದ್ದಾರೆ. ನಾವು ಈ ಸಲ ಬರೆಯಹೊರಟಿರುವುದು ಯಾತ್ರಿಕರಾರೂ ಹುಡುಕಿಕೊಂಡು ಹೋಗದ ಕೊಟ್ಟಾರವನ್ನು ಕುರಿತು.

ಉಡುಪಿಯ ಕಡೆಯಿಂದ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಬರುವವರು ಸುರತ್ಕಲ್ಲು, ಪಣಂಬೂರುಗಳನ್ನು ದಾಟಿ, ಕೂಳೂರಿನಲ್ಲಿ ಫಲ್ಗುಣಿ ನದಿಯ ಸೇತುವೆಯನ್ನು ಹಾಯ್ದರೆ ಮುಂದೆ ಸಿಗುವುದೇ ಕೊಟ್ಟಾರ ಚೌಕಿ. ಮೇಲ್ಸೇತುವೆಯ ಸದ್ದು, ಅಂಗಡಿಗಳ ಸಾಲು, ಮಳೆಗಾಲದಲ್ಲಿ ತಗ್ಗಿಗೆ ಹರಿದುಬಂದು ನಿಲ್ಲುವ ನೀರು. ಇಷ್ಟೇ ಎಂದುಕೊಂಡು ಬಸ್ಸಿನಲ್ಲಿ ಮುಂದೆ ಸಾಗುವವರೇ ಹೆಚ್ಚು. ಆದರೆ ಹೆದ್ದಾರಿಯನ್ನು ಬಿಟ್ಟು ಒಳದಾರಿಗಳಲ್ಲಿ ನಡೆದರೆ ಮುರಕಲ್ಲಿನ ಕಟ್ಟೆ, ತೆಂಗಿನ ತೋಟ, ಹಾವಸೆಗಟ್ಟಿದ ಗೋಡೆ, ಹಂಚಿನ ಮನೆಗಳು ಇನ್ನೂ ಅಲ್ಲಲ್ಲಿ ಉಳಿದಿವೆ. ಅಂತಹ ಒಂದು ದಾರಿಯ ಕೊನೆಯಲ್ಲಿ ನಮ್ಮ ಬಂಧುಗಳ ಮನೆಯಿದೆ. ಆಷಾಢ ಮುಗಿದು ಶ್ರಾವಣ ಹಿಡಿಯುವ ದಿನಗಳಲ್ಲಿ ನಾವು ಸಕುಟುಂಬರಾಗಿ ಅಲ್ಲಿಗೆ ಹೋಗಿದ್ದೆವು.

ಆಷಾಢ ಬಹುಳ ಅಮಾವಾಸ್ಯೆ ತುಳುನಾಡಿನವರಿಗೆ ಆಟಿ ಅಮಾವಾಸ್ಯೆ. ಅಂದು ನಸುಕಿನಲ್ಲಿ ಪಾಲೆ ಮರದ ತೊಗಟೆಯನ್ನು ತಂದು, ಕಾಳುಮೆಣಸು, ಬೆಳ್ಳುಳ್ಳಿ ಮೊದಲಾದವನ್ನು ಸೇರಿಸಿ ಕಷಾಯ ಮಾಡಿ ಬರಿಹೊಟ್ಟೆಯಲ್ಲಿ ಮನೆಯವರೆಲ್ಲ ಕುಡಿಯುವುದು ಇಲ್ಲಿಯ ಪದ್ಧತಿ. ತೊಗಟೆಗೆ ಕಬ್ಬಿಣ ತಾಗಿಸಬಾರದು. ಕಲ್ಲಿನಿಂದ ಜಜ್ಜಿಯೇ ತೆಗೆಯಬೇಕು. ಕಷಾಯ ಬಲು ಕಹಿ, ಬಲು ಉಷ್ಣ. ಆಮೇಲೆ ದೇಹಕ್ಕೆ ತಂಪಾಗಲೆಂದು ಮೆಂತೆಯ ಗಂಜಿಯನ್ನು ಉಣ್ಣುತ್ತಾರೆ. ಘಟ್ಟದ ಮೇಲಿನಿಂದ ಹೋದ ನಮಗೆ ಇದು ಹೊಸತು. ನಮ್ಮ ಬಂಧುಗಳೂ ಘಟ್ಟದ ಮೇಲಿನವರೇ. ಉದ್ಯೋಗನಿಮಿತ್ತ ಅಲ್ಲಿ ನೆಲೆಸಿದವರಾದ ಕಾರಣ ನೆರೆಮನೆಯ ವೃದ್ಧೆಯೊಬ್ಬರು ಕೊಡುವ ಕಷಾಯವನ್ನೇ ವರುಷ ವರುಷವೂ ಪ್ರಸಾದದಂತೆ ಸ್ವೀಕರಿಸುತ್ತ ಬಂದಿದ್ದಾರೆ.

ಆ ಬೆಳಗ್ಗೆ ಕಷಾಯದ ಪಾತ್ರೆಯನ್ನು ತಂದ ಅಜ್ಜಿಯನ್ನು ನಾವು ಕುತೂಹಲದಿಂದ ಪ್ರಶ್ನಿಸಿದೆವು. “ಕತ್ತಲೆಯಲ್ಲಿ ತೊಗಟೆ ತರುವಾಗ ಇದೇ ಪಾಲೆಯೆಂದು ತಿಳಿಯುವುದು ಹೇಗೆ?” ಅಜ್ಜಿ ನಕ್ಕರು. ಕತ್ತಲೆಯಲ್ಲಿ ತರುವವನು ಹಗಲಿನಲ್ಲಿ ಮರವನ್ನು ನೋಡಿಟ್ಟುಕೊಂಡಿರಬೇಕು ಎಂದರು. ಬಳಿಕ ನಮ್ಮನ್ನು ಹಿತ್ತಲಿನ ಅಂಚಿಗೆ ಕರೆದೊಯ್ದು ಮರವನ್ನು ತೋರಿಸಿದರು. ಒಂದೊಂದು ಗೆಣ್ಣಿನ ಸುತ್ತಲೂ ಎಲೆಗಳು ಛತ್ರಿಯ ಕಡ್ಡಿಗಳಂತೆ ಹರಡಿಕೊಂಡಿದ್ದವು. ಉಗುರಿನಿಂದ ಗೀರಿದರೆ ಹಾಲು ಒಸರಿತು. ನಾವು ಸಪ್ತಪರ್ಣಿ, ಹಾಲೆ, ಮದ್ದಾಲೆ ಎಂದು ಪುಸ್ತಕಗಳಲ್ಲಿ ಓದಿದ್ದ ಮರ ಅದು. “ಕಾಸರಕಕ್ಕೆ ಹಾಲಿಲ್ಲ. ಅದರ ಎಲೆ ಎರಡೆರಡಾಗಿ ಎದುರುಬದುರು ನಿಂತಿರುತ್ತದೆ. ಹೆಸರು ತಪ್ಪಿದರೆ ಜೀವಕ್ಕೇ ಸಂಚಕಾರ” ಎಂದು ಅಜ್ಜಿ ಎಚ್ಚರಿಸಿದರು.

ಕಾಸರಕವೆಂದರೆ ವೈದ್ಯರು ನಕ್ಸ್‌ವಾಮಿಕಾ ಎಂದು ಕರೆಯುವ ವಿಷವೃಕ್ಷ. ಅದರ ಬೀಜ, ತೊಗಟೆಗಳಲ್ಲಿ ಸ್ಟ್ರಿಕ್ನಿನ್ ಮೊದಲಾದ ಘೋರ ವಿಷಗಳಿವೆ. ಪಾಲೆಯೆಂದು ಭ್ರಮಿಸಿ ಅದನ್ನು ತಂದವರು ಅಪಾಯಕ್ಕೀಡಾದ ಸಂಗತಿಗಳನ್ನು ಕರಾವಳಿಯ ಹಿರಿಯರು ಹೇಳುತ್ತಾರೆ. ಗಿಡದ ಹೆಸರನ್ನು ಬಲ್ಲವರ ಮೇಲೆ ಒಂದು ಮನೆಯ ಜೀವಗಳೇ ಅವಲಂಬಿಸಿರುತ್ತವೆ ಎಂಬುದು ನಮಗೆ ಅಂದು ಮನದಟ್ಟಾಯಿತು.

ಮರುದಿನ ಶ್ರಾವಣದ ಪಾಡ್ಯ. ಶಿವಪೂಜೆಗೆ ಪತ್ರೆ, ಪುಷ್ಪ ಬೇಕಾಗಿತ್ತು. ಬಿಲ್ವದ ಗಿಡವೊಂದು ಬಂಧುಗಳ ಅಂಗಳದಲ್ಲೇ ಇತ್ತು. ತುಂಬೆಯ ಹೂವಿಗಾಗಿ ಹುಡುಕುತ್ತ ನಾವು ಪಕ್ಕದ ಖಾಲಿ ಜಾಗಕ್ಕೆ ಹೋದೆವು. ಅಜ್ಜಿಯೂ ಜೊತೆಗೆ ಬಂದರು. ಮಳೆ ತೊಳೆದ ಮುರಕಲ್ಲಿನ ಹಾಸು, ಅದರ ಸಂದುಸಂದಿನಲ್ಲಿ ಬೆರಳುದ್ದದ ಹುಲ್ಲು, ಸಾಸಿವೆಕಾಳಿನಷ್ಟು ಹೂವುಗಳು. ಅಜ್ಜಿ ಒಂದೊಂದನ್ನೂ ತೋರಿಸುತ್ತ ಹೋದರು. ಇದು ತಿಮರೆ (ನಮ್ಮ ಒಂದೆಲಗ), ಚಟ್ನಿಗೆ ಒಳ್ಳೆಯದು. ಇದು ತಜಂಕು, ಆಟಿಯಲ್ಲಿ ಪಲ್ಯ ಮಾಡುವುದು. ಇದು ನೆಕ್ಕಿ, ಶೀತಕ್ಕೆ ಆವಿ ಹಿಡಿಯಲು. ಇದು ಕೇಪುಳ, ದೇವರಿಗೆ. ಕಡೆಗೆ ನಾವು ಕಲ್ಲಿನ ಬಿರುಕಿನ ಒಂದು ಸಣ್ಣ ಹುಲ್ಲನ್ನು ತೋರಿಸಿ ಕೇಳಿದಾಗ ಅವರು, “ಅದು ಹುಲ್ಲು. ದನಗಳು ಇದ್ದಾಗ ಅದಕ್ಕೂ ಹೆಸರಿತ್ತು, ಈಗ ಮರೆತುಹೋಗಿದೆ” ಎಂದರು.

ಆ ಮಾತು ನಮ್ಮನ್ನು ಬಹುಕಾಲ ಕಾಡಿತು. ಏಕೆಂದರೆ ಮಂಗಳೂರು ಸೀಮೆಯ ಇಂತಹ ಹುಲ್ಲುಕಡ್ಡಿಗಳಿಗೂ ಸುಮಾರು ನೂರ ಎಪ್ಪತ್ತೈದು ವರುಷಗಳ ಹಿಂದೆ ಹೆಸರಿಡುವ ಕೆಲಸ ನಡೆದಿತ್ತು. ಹೆಸರಿಟ್ಟವರು ಇಲ್ಲಿಂದ ಸಾವಿರಾರು ಮೈಲಿ ದೂರದ ಜರ್ಮನಿಯಲ್ಲಿದ್ದರು. ಆ ವೃತ್ತಾಂತವನ್ನು ಓದುಗರಿಗೆ ತಿಳಿಸುವುದು ಈ ಬರೆಹದ ಉದ್ದೇಶ.

ಬಾಸೆಲ್ ಮಿಷನ್ನಿನ ಪಾದ್ರಿಗಳು ಮಂಗಳೂರಿಗೆ ಬಂದದ್ದು 1834ರಲ್ಲಿ. ಅವರು 1841ರಲ್ಲಿ ಮುದ್ರಣಾಲಯವನ್ನು ತೆರೆದರು. 1843ರಲ್ಲಿ ‘ಮಂಗಳೂರ ಸಮಾಚಾರ’ ಪತ್ರಿಕೆಯನ್ನು ಹೊರಡಿಸಿದರು. 1865ರಲ್ಲಿ ಹಂಚಿನ ಕಾರ್ಖಾನೆಯನ್ನು ಆರಂಭಿಸಿದರು. ಇವೆಲ್ಲ ಶಾಲಾಮಕ್ಕಳಿಗೂ ಗೊತ್ತಿರುವ ಸಂಗತಿಗಳು. ನಮ್ಮ ಸಮಾಜದವರು ಸ್ಮರಿಸಬೇಕಾದ ಇನ್ನೊಂದು ಸಂಗತಿಯಿದೆ. ಹರ್ಮನ್ ಮೋಗ್ಲಿಂಗ್ ಅವರು 1850ರ ಆಸುಪಾಸಿನಲ್ಲಿ ಮಂಗಳೂರಿನಿಂದ ಪ್ರಕಟಿಸಿದ ಪ್ರಾಚೀನ ಕನ್ನಡ ಗ್ರಂಥಮಾಲೆಯಲ್ಲಿ ಬಸವಪುರಾಣವೂ ಚೆನ್ನಬಸವಪುರಾಣವೂ ಸೇರಿದ್ದವು. ಓಲೆಗರಿಯಲ್ಲಿದ್ದ ಪುರಾಣಗಳನ್ನು ಕಾಗದಕ್ಕೆ ಇಳಿಸುತ್ತಿದ್ದ ಅದೇ ವರುಷಗಳಲ್ಲಿ, ಅದೇ ಮಿಷನ್ನಿನ ಇನ್ನೊಬ್ಬ ಪಾದ್ರಿ ಇಲ್ಲಿಯ ಹೊಲಗದ್ದೆಗಳ ಗಿಡಗಳನ್ನು ಕಾಗದದ ನಡುವೆ ಒತ್ತಿ ಒಣಗಿಸುತ್ತಿದ್ದರು. ಅವರ ಹೆಸರು ಯೋಹಾನ್ ಫ್ರೀಡ್ರಿಖ್ ಮೆಟ್ಸ್.

ಮೆಟ್ಸ್ ಅವರು ಸಸ್ಯಶಾಸ್ತ್ರದ ಪಂಡಿತರಲ್ಲ. ಧರ್ಮಬೋಧೆಯೇ ಅವರ ವೃತ್ತಿ. ಮುಂದೆ ಅವರು ನೀಲಗಿರಿಗೆ ಹೋಗಿ, ಕನ್ನಡಕ್ಕೆ ಹತ್ತಿರವಾದ ನುಡಿಯನ್ನಾಡುವ ಬಡಗರ ನಡುವೆ ಬಹುಕಾಲ ಕೆಲಸ ಮಾಡಿದರು. ನೀಲಗಿರಿಯ ಜನಾಂಗಗಳನ್ನು ಕುರಿತು ಅವರು ಬರೆದ ಪುಸ್ತಕದ ವಿಸ್ತೃತ ಆವೃತ್ತಿ 1864ರಲ್ಲಿ ಮಂಗಳೂರಿನಲ್ಲೇ ಅಚ್ಚಾಯಿತು. ಗಿಡಗಳನ್ನು ಕೂಡಿಸುವುದು ಅವರಿಗೆ ಬಿಡುವಿನ ಕೆಲಸವಾಗಿತ್ತು. ಆದರೆ ಅದು ಸುಲಭದ ಕೆಲಸವೇನಲ್ಲ. ಕರಾವಳಿಯ ಮಳೆಗಾಲದಲ್ಲಿ ಒಗೆದ ಬಟ್ಟೆ ಒಣಗುವುದೇ ಕಷ್ಟ. ಅಂತಹದರಲ್ಲಿ ಗಿಡವನ್ನು ಬೇರು, ಎಲೆ, ಹೂವುಗಳ ಸಹಿತ ಕಾಗದಗಳ ನಡುವೆ ಹರಡಿ, ಭಾರ ಹೇರಿ, ತೇವವಾದ ಕಾಗದವನ್ನು ಮತ್ತೆ ಮತ್ತೆ ಬದಲಾಯಿಸಿ, ಬೂಷ್ಟು ಹಿಡಿಯದಂತೆ, ಹುಳು ಹತ್ತದಂತೆ ಕಾಯಬೇಕು. ಒಂದೇ ಬಗೆಯ ಗಿಡದ ಹಲವು ಪ್ರತಿಗಳನ್ನು ಕೂಡಿಸಬೇಕು. ಸೂಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಅದಕ್ಕೂ ಮೊದಲಿನ ದೀರ್ಘ ಪ್ರಯಾಣವನ್ನು ಆ ಕಟ್ಟುಗಳು ತಾಳಿಕೊಳ್ಳಬೇಕಾಗಿತ್ತು.

ಕಟ್ಟುಗಳು ಹೋಗಿ ಸೇರುತ್ತಿದ್ದುದು ಜರ್ಮನಿಯ ಎಸ್ಲಿಂಗೆನ್ ಎಂಬ ಊರಿಗೆ. ಅಲ್ಲಿದ್ದ ರುಡಾಲ್ಫ್ ಫ್ರೀಡ್ರಿಖ್ ಹೋಹೆನಾಕರ್ ಎಂಬವರು ಅವನ್ನು ಬಿಚ್ಚಿ, ವಿಂಗಡಿಸಿ, ಕ್ರಮಾಂಕ ಹಾಕುತ್ತಿದ್ದರು. ಇವರ ಜೀವನವೂ ಸ್ವಾರಸ್ಯಕರವಾದದ್ದು. 1798ರಲ್ಲಿ ಜನಿಸಿದ ಇವರು ಯೌವನದಲ್ಲಿ ಕಾಕಸಸ್ ಪರ್ವತಸೀಮೆಯ ಜರ್ಮನ್ ವಸಾಹತಿನಲ್ಲಿದ್ದು, ಅಲ್ಲಿಯ ಗಿಡಗಳನ್ನು ಸಂಗ್ರಹಿಸಿದವರು. ತಾಯ್ನಾಡಿನ ಕಡೆಗೆ ಮರಳಿದ ಮೇಲೆ, ಬೇರೆಯವರು ದೂರದೇಶಗಳಿಂದ ಕಳುಹಿಸಿದ ಒಣಗಿಡಗಳನ್ನು ಯುರೋಪಿನ ವಿದ್ಯಾಸಂಸ್ಥೆಗಳಿಗೂ ಪಂಡಿತರಿಗೂ ಕಂತುಕಂತಾಗಿ ಮಾರುವುದೇ ಇವರ ಉದ್ಯೋಗವಾಯಿತು. ಎಸ್ಲಿಂಗೆನ್ನಿನಲ್ಲಿ ಇದಕ್ಕೆ ಹಿಂದಿನಿಂದಲೂ ಒಂದು ಪರಂಪರೆಯಿತ್ತು. ಸ್ಟಾಯ್ಡೆಲ್ ಎಂಬ ವೈದ್ಯರೂ ಹೋಖ್‌ಸ್ಟೆಟರ್ ಎಂಬ ಪಾದ್ರಿಯೂ ಕೂಡಿ ಒಂದು ಸಂಘವನ್ನು ಸ್ಥಾಪಿಸಿ, ಚಂದಾದಾರರ ಹಣದಿಂದ ಸಂಗ್ರಾಹಕರನ್ನು ದೇಶಾಂತರಗಳಿಗೆ ಕಳುಹಿಸುತ್ತಿದ್ದರು. ಮಾಸಪತ್ರಿಕೆಗೆ ಚಂದಾ ಕಟ್ಟುವಂತೆ ಅಲ್ಲಿಯ ಜನ ಒಣಗಿಡಗಳಿಗೂ ಚಂದಾ ಕಟ್ಟುತ್ತಿದ್ದರು!

ಮಂಗಳೂರು ಕಡೆಯ ಗಿಡಗಳ ಹಾಳೆಗಳಿಗೆ ಹೋಹೆನಾಕರ್ ಒಂದು ಮುದ್ರಿತ ಚೀಟಿಯನ್ನು ಅಂಟಿಸಿದರು. ಅದರಲ್ಲಿರುವ ಲ್ಯಾಟಿನ್ ತಲೆಬರಹ ‘ಪ್ಲಾಂಟೇ ಇಂಡಿಯೇ ಓರಿಯೆಂಟಾಲಿಸ್ (ಟೆರ್ರಾ ಕನಾರಾ)’ ಎಂದು. ಪೂರ್ವ ಇಂಡಿಯಾದ ಸಸ್ಯಗಳು, ಕನ್ನಡ ಸೀಮೆ ಎಂದು ಅದರ ಅರ್ಥ. ಕೆಳಗೆ ಹೋಹೆನಾಕರ್ ಅವರ ಹೆಸರು, 1849ನೆಯ ಇಸವಿ. ಆಗ ಕೆನರಾ ಎಂಬುದು ಮದರಾಸು ಪ್ರಾಂತಕ್ಕೆ ಸೇರಿತ್ತು. ಕಾಸರಗೋಡೂ ಕಾರವಾರವೂ ಅದರೊಳಗಿದ್ದವು; ಉತ್ತರದ ಭಾಗ ಬೊಂಬಾಯಿ ಪ್ರಾಂತಕ್ಕೆ ಸೇರಿದ್ದು 1862ರಲ್ಲಿ. ಹೀಗೆ ಕನ್ನಡವೆಂಬ ನಮ್ಮ ನಾಡಿನ ಹೆಸರು, ಪರಂಗಿಯವರ ಬಾಯಲ್ಲಿ ಕೊಂಚ ರೂಪ ಬದಲಿಸಿಕೊಂಡು, ಹುಲ್ಲುಕಡ್ಡಿಗಳ ಜೊತೆಗೆ ಯುರೋಪನ್ನೆಲ್ಲ ಸುತ್ತಿತು. ಆ ಹಾಳೆಗಳು ಲಂಡನ್ನಿನ ಕ್ಯೂ, ಹಾಲೆಂಡಿನ ಲೈಡೆನ್, ಪ್ಯಾರಿಸ್ ಮೊದಲಾದ ಕಡೆಗಳ ಸಸ್ಯಸಂಗ್ರಹಾಲಯಗಳಲ್ಲಿ ಇಂದಿಗೂ ಸುರಕ್ಷಿತವಾಗಿವೆ.

ಒಂದು ಹುಲ್ಲಿನ ಉದಾಹರಣೆಯಿಂದ ಈ ವ್ಯವಹಾರದ ಬಗೆ ಸ್ಪಷ್ಟವಾಗುತ್ತದೆ. ಪಶ್ಚಿಮ ಘಟ್ಟದ ಸೀಮೆಯಲ್ಲಿ ಬೆಳೆಯುವ ಒಂದು ಹುಲ್ಲಿಗೆ ಶಾಸ್ತ್ರದಲ್ಲಿ ‘ಅರುಂಡಿನೆಲ್ಲಾ ಮೆಟ್ಜಿ’ ಎಂದು ಹೆಸರು. ಅದನ್ನು ಕಿತ್ತು ಒಣಗಿಸಿದವರು ಮೆಟ್ಸ್. ಹಂಚಿದವರು ಹೋಹೆನಾಕರ್. ಹೆಸರನ್ನು ಸೂಚಿಸಿದವರು ಎಸ್ಲಿಂಗೆನ್ನಿನ ಹೋಖ್‌ಸ್ಟೆಟರ್. ಅದನ್ನು ವರ್ಣಿಸಿ 1851ರಲ್ಲಿ ಗ್ರಂಥಸ್ಥ ಮಾಡಿದವರು ಹಾಲೆಂಡಿನ ಪಂಡಿತ ಮಿಕೆಲ್. ಒಂದು ಹುಲ್ಲಿನ ಹೆಸರಿಗೆ ನಾಲ್ವರ ಕೈ! ಅದೇ ಕಾಲದ ಇನ್ನೊಂದು ಹುಲ್ಲು ‘ಡಿಮೇರಿಯಾ ಹೋಹೆನಾಕೆರಿ’. ಹೋಹೆನಾಕರ್ ಅವರು ಜನ್ಮದಲ್ಲಿ ಒಮ್ಮೆಯೂ ಭಾರತಕ್ಕೆ ಬಂದವರಲ್ಲ. ಆದರೂ ನಮ್ಮ ಹುಲ್ಲಿನಲ್ಲಿ ಅವರ ಹೆಸರು ಉಳಿಯಿತು. ಅಷ್ಟೇ ಅಲ್ಲ, ಚೀಟಿಯ ಮೇಲೆ ಅವರ ಹೆಸರೇ ಅಚ್ಚಾಗಿದ್ದುದರಿಂದ ಗಿಡವನ್ನು ಕಿತ್ತವರೂ ಅವರೇ ಎಂದು ಅನೇಕ ಕಡೆ ದಾಖಲಾಯಿತು. ಬಗ್ಗಿ ಕಿತ್ತ ಮೆಟ್ಸ್ ಹಿಂದೆ ಸರಿದರು.

ಮೆಟ್ಸ್ ಅವರಂತಹ ಹವ್ಯಾಸಿಗಳು ಆ ಶತಮಾನದಲ್ಲಿ ಕನ್ನಡನಾಡಿನ ಬೇರೆ ಕಡೆಗಳಲ್ಲೂ ಇದ್ದರು. 1840ರ ದಶಕದಲ್ಲಿ ಶಿವಮೊಗ್ಗೆಯಲ್ಲಿದ್ದ ವೈದ್ಯ ಹ್ಯೂ ಕ್ಲೆಗ್‌ಹಾರ್ನ್ ಅವರಿಗೆ ಕ್ಯೂ ಉದ್ಯಾನದ ಸರ್ ವಿಲಿಯಂ ಹೂಕರ್ ಅವರು, ದಿನಕ್ಕೊಂದು ಗಿಡವನ್ನು ಕಾಲು ಗಂಟೆಯ ಹೊತ್ತು ಅಭ್ಯಾಸ ಮಾಡಬೇಕೆಂದು ಸಲಹೆಯಿತ್ತರು. ಕ್ಲೆಗ್‌ಹಾರ್ನ್ ಅದನ್ನು ವ್ರತದಂತೆ ಪಾಲಿಸಿದರು. ಭಾರತೀಯ ಚಿತ್ರಕಾರರೊಬ್ಬರಿಂದ ಗಿಡಗಳ ಚಿತ್ರಗಳನ್ನೂ ಬರೆಸಿದರು. ಆ ಚಿತ್ರಗಳು ಈಗ ಎಡಿನ್‌ಬರೋ ನಗರದ ಸಸ್ಯೋದ್ಯಾನದಲ್ಲಿವೆ. ಮುಂದೆ ಇದೇ ಕ್ಲೆಗ್‌ಹಾರ್ನ್ 1856ರಲ್ಲಿ ಮದರಾಸು ಪ್ರಾಂತದ ಅರಣ್ಯಾಧಿಕಾರಿಯಾದರು. ಬೊಂಬಾಯಿ ಸರ್ಕಾರದ ಅಧಿಕಾರಿ ಲಾ, ವೈದ್ಯ ಸ್ಟಾಕ್ಸ್ ಮುಂತಾದವರೂ ಕೊಂಕಣ ಸೀಮೆಯ ಗಿಡಗಳನ್ನು ಸಂಗ್ರಹಿಸಿದರು. ಅವೂ ಕ್ಯೂ ಸಂಗ್ರಹಾಲಯವನ್ನು ಸೇರಿದವು. 1872ರಿಂದ 1897ರವರೆಗೆ ಏಳು ಸಂಪುಟಗಳಲ್ಲಿ ಹೊರಬಂದ ಬ್ರಿಟಿಷ್ ಇಂಡಿಯಾದ ಸಸ್ಯಕೋಶವು ಇಂತಹ ನೂರಾರು ಮಂದಿಯ ಬಿಡುವಿನ ವೇಳೆಯ ದುಡಿಮೆಯ ಮೇಲೆ ನಿಂತಿದೆ. ವೇತನವಿಲ್ಲದೆ ಮಾಡಿದ ಈ ಕಾಯಕವನ್ನು ನಾವು ಗೌರವಿಸಲೇಬೇಕು.

ಆದರೆ ಒಂದು ಪ್ರಶ್ನೆ ಉಳಿಯುತ್ತದೆ. ಪರದೇಶದಿಂದ ಬಂದ ಪಾದ್ರಿಗೆ ಯಾವ ಗದ್ದೆಯ ಬದುವಿನಲ್ಲಿ ಯಾವ ಗಿಡ ಯಾವ ತಿಂಗಳಿನಲ್ಲಿ ಹೂ ಬಿಡುತ್ತದೆಂದು ತೋರಿಸಿಕೊಟ್ಟವರಾರು? ದನ ಕಾಯುವ ಹುಡುಗರೋ, ಗದ್ದೆಯ ಕೆಲಸದ ಹೆಂಗಸರೋ, ನಾಟಿವೈದ್ಯರೋ ಇದ್ದೇ ಇರಬೇಕು. ಮುದ್ರಿತ ಚೀಟಿಯಲ್ಲಿ ಊರಿನ ಹೆಸರಿದೆ, ಕ್ರಮಾಂಕವಿದೆ, ಮಾರಿದವರ ಹೆಸರಿದೆ. ತೋರಿಸಿದವರ ಹೆಸರಿಗೆ ಅಲ್ಲಿ ಜಾಗವಿಲ್ಲ.

ಹೀಗೇ ಆಗಬೇಕೆಂಬ ನಿಯಮವೇನೂ ಇರಲಿಲ್ಲ. ಅದಕ್ಕಿಂತ ಒಂದೂಮುಕ್ಕಾಲು ಶತಮಾನ ಹಿಂದೆ, ಕೊಚ್ಚಿಯ ಡಚ್ ಅಧಿಕಾರಿ ವಾನ್ ರೀಡ್ ಅವರು ಮಲಬಾರಿನ ಸಸ್ಯಗಳನ್ನು ಕುರಿತು ‘ಹೋರ್ತುಸ್ ಮಲಬಾರಿಕುಸ್’ ಎಂಬ ಮಹಾಗ್ರಂಥವನ್ನು ಮಾಡಿಸಿದರು. ಅದು 1678ರಿಂದ 1693ರವರೆಗೆ 12 ಸಂಪುಟಗಳಲ್ಲಿ ಆಂಸ್ಟರ್ಡಾಮಿನಲ್ಲಿ ಪ್ರಕಟವಾಯಿತು. ಗಿಡಗಳ ಗುಣಗಳನ್ನು ತಿಳಿಸಿದ ಈಳವ ಸಮಾಜದ ವೈದ್ಯ ಇಟ್ಟಿ ಅಚ್ಯುತನ್ ಅವರ ಹೆಸರೂ, ಕೊಂಕಣಿ ಮಾತಾಡುವ ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟರ ಹೆಸರುಗಳೂ ಅದರ ಮೊದಲ ಸಂಪುಟದಲ್ಲಿ, ಅವರವರ ನುಡಿಯ ಪ್ರಮಾಣಪತ್ರಗಳ ಸಹಿತ ಅಚ್ಚಾದವು. ಆ ಗ್ರಂಥದಲ್ಲಿ ‘ಪಾಲ’ ಎಂಬ ಮರವೂ ಇದೆ. ಕೊಟ್ಟಾರದ ಅಜ್ಜಿ ನಮಗೆ ತೋರಿಸಿದ ಪಾಲೆಯೇ ಅದು! ಮುಂದೆ ಆ ಮರದ ಶಾಸ್ತ್ರೀಯ ಹೆಸರಿನಲ್ಲಿ ಎಡಿನ್‌ಬರೋದ ಆಲ್ಸ್‌ಟನ್ ಎಂಬ ಪ್ರಾಧ್ಯಾಪಕರ ಹೆಸರು ಸೇರಿಕೊಂಡಿತು. ಆದರೆ ಪಾಲೆ ಎಂಬ ಮಾತು ಜನರ ಬಾಯಲ್ಲಿ ಸುಮಾರು ಮುನ್ನೂರೈವತ್ತು ವರುಷಗಳಿಂದ, ಅದಕ್ಕೂ ಹಿಂದಿನಿಂದ, ಬಾಳಿ ಬಂದಿದೆ. ಕಷಾಯ ಕುಡಿಯುವ ಮನೆಗಳು ಇರುವುದರಿಂದ ಹೆಸರೂ ಉಳಿದಿದೆ. ದನಗಳು ಹೋದುದರಿಂದ ಹುಲ್ಲಿನ ಹೆಸರು ಹೋಯಿತು.

ನಮ್ಮವರೂ ಈ ಕೆಲಸದಲ್ಲಿ ಹಿಂದೆ ಬಿದ್ದಿಲ್ಲವೆಂಬುದು ಸಂತೋಷದ ವಿಷಯ. ಉಡುಪಿಯ ಸಸ್ಯಶಾಸ್ತ್ರಜ್ಞ ಕೆ. ಗೋಪಾಲಕೃಷ್ಣ ಭಟ್ ಅವರು ಊರೂರು ಅಲೆದು 2003ರಲ್ಲಿ ಉಡುಪಿಯ ಸಸ್ಯಕೋಶವನ್ನೂ, 2014ರಲ್ಲಿ ದಕ್ಷಿಣ ಕನ್ನಡ ಹಾಗೂ ಉಡುಪಿ ಜಿಲ್ಲೆಗಳ ಸಸ್ಯಕೋಶವನ್ನೂ ಪ್ರಕಟಿಸಿದರು. ಟೆರ್ರಾ ಕನಾರಾದ ಗಿಡಗಳ ಲೆಕ್ಕವನ್ನು ಆ ನೆಲದಲ್ಲೇ ಇದ್ದು ಬರೆದಂತಾಯಿತು. ಆದರೆ ಮನೆಮನೆಯ ಹಿತ್ತಲಿನ ತಿಳಿವಳಿಕೆಯನ್ನು ಯಾವ ಪಂಡಿತರೂ ಒಬ್ಬರೇ ಬರೆದು ಮುಗಿಸಲಾರರು. ಅದು ಗೃಹಸ್ಥರು ಮಾಡಬೇಕಾದ ಕೆಲಸ. ಪ್ರತಿದಿನವೂ ಪೂಜೆಗೆ ಪತ್ರೆ ಬಿಡಿಸುವ ನಾವೂ ಒಂದು ರೀತಿಯಲ್ಲಿ ಸಸ್ಯಸಂಗ್ರಾಹಕರೇ ಅಲ್ಲವೇ? ಬಿಲ್ವದ ಮೂರು ದಳವನ್ನು ಬಲ್ಲ ನಮ್ಮ ಮಕ್ಕಳು ಅದರ ಪಕ್ಕದಲ್ಲಿ ಬೆಳೆದ ತುಂಬೆಯನ್ನು ಬಲ್ಲರೇ ಎಂದು ಕೇಳಿಕೊಂಡರೆ ತಲೆ ತಗ್ಗಿಸಬೇಕಾಗುತ್ತದೆ.

ನಾವು ಹೊರಡುವ ದಿನ ಬಂಧುಗಳು ಒಂದು ಸುದ್ದಿ ಹೇಳಿದರು. ತುಂಬೆಯನ್ನು ಆಯ್ದ ಆ ಖಾಲಿ ಜಾಗದಲ್ಲಿ ಮಳೆಗಾಲ ಕಳೆದೊಡನೆ ಕಟ್ಟಡದ ಕೆಲಸ ಮೊದಲಾಗುವುದಂತೆ. ಅದನ್ನು ದೂರುವ ಅಧಿಕಾರ ನಮಗಿಲ್ಲ. ಬಂಧುಗಳ ಮನೆಯೂ ಒಂದು ಕಾಲಕ್ಕೆ ಅಂತಹದೇ ಮುರಕಲ್ಲಿನ ಹಾಸಿನ ಮೇಲೆ ಎದ್ದುದೇ. ಮಕ್ಕಳಿಗೆ ಶಾಲೆ, ದೊಡ್ಡವರಿಗೆ ಉದ್ಯೋಗ ಬೇಕಾದಾಗ ಊರು ಬೆಳೆಯುತ್ತದೆ. ಆದರೆ ಅಲ್ಲಿ ಏನಿತ್ತೆಂಬುದನ್ನು ಹೇಳಬಲ್ಲವರು ಒಬ್ಬರಾದರೂ ಉಳಿಯಬೇಕು.

ಊರಿಗೆ ಮರಳಿದ ಮೇಲೆ ನಾವು ಒಂದು ನೋಟುಪುಸ್ತಕವನ್ನು ತೆರೆದು, ಅಜ್ಜಿ ಹೇಳಿದ ಗಿಡಗಳನ್ನೆಲ್ಲ ಸಾಲಾಗಿ ಬರೆದೆವು. ಹೆಸರು, ಉಪಯೋಗ, ಕಂಡ ಸ್ಥಳ, ತಿಂಗಳು. ಹೇಳಿದವರು ಎಂಬ ಕೊನೆಯ ಸಾಲಿಗೆ ಬಂದಾಗ ಲೇಖನಿ ನಿಂತಿತು. ಎರಡು ಬೆಳಗು ಅವರೊಡನೆ ತಿರುಗಾಡಿ, ಅವರ ಕೈಯ ಕಷಾಯ ಕುಡಿದು, ಇಷ್ಟೆಲ್ಲ ಕೇಳಿ ತಿಳಿದ ನಾವು ಅವರ ಹೆಸರನ್ನೇ ಕೇಳಿರಲಿಲ್ಲ! ಹೋಹೆನಾಕರ್ ಅವರ ಚೀಟಿಯಲ್ಲಿ ನಾವು ಎಣಿಸಿದ ಕೊರತೆ ನಮ್ಮ ಪುಸ್ತಕದಲ್ಲೂ ಇತ್ತು. ಕೂಡಲೇ ಬಂಧುಗಳಿಗೆ ದೂರವಾಣಿ ಮಾಡಿದೆವು. ಅವರಿಗೂ ತಿಳಿದಿರಲಿಲ್ಲ, ಇಷ್ಟು ವರುಷವೂ ಅಜ್ಜಿ ಎಂದೇ ಕರೆಯುತ್ತ ಬಂದಿದ್ದರು. ಎರಡು ದಿನ ಕಳೆದು ಉತ್ತರ ಬಂದಿತು. ಹೆಸರು ಕೇಳಿದಾಗ ಅಜ್ಜಿಗೆ ಆಶ್ಚರ್ಯವಾಯಿತಂತೆ. ಪುಸ್ತಕದಲ್ಲಿ ಬರೆದುಕೊಳ್ಳಲಿ, ಪತ್ರಿಕೆಯಲ್ಲಿ ಹಾಕುವುದು ಬೇಡ ಎಂದರಂತೆ. ಅವರ ಮಾತನ್ನು ಮೀರದೆ ನಾವು ಇಲ್ಲಿ ಅದನ್ನು ಬರೆದಿಲ್ಲ. ಆದರೆ ನಮ್ಮ ಮನೆಯ ಪುಸ್ತಕದಲ್ಲಿ ಪಾಲೆಯ ಎದುರಿಗೆ ಅವರ ಹೆಸರು ಪೂರ್ಣವಾಗಿ ಇದೆ.

ಓದುಗ ಕುಟುಂಬಗಳಲ್ಲಿ ನಮ್ಮ ವಿನಂತಿ ಇಷ್ಟೇ. ಈ ಶ್ರಾವಣದಲ್ಲಿ ಪ್ರತಿಯೊಂದು ಮನೆಯಲ್ಲೂ ಇಂತಹ ಒಂದು ಪುಸ್ತಕ ಆರಂಭವಾಗಲಿ. ಮನೆಯ ಹಿರಿಯರನ್ನು, ನೆರೆಹೊರೆಯವರನ್ನು, ಹೊಲದ ಕೆಲಸಕ್ಕೆ ಬರುವವರನ್ನು ಕೇಳಿ ಮಕ್ಕಳು ಗಿಡಗಳ ಹೆಸರನ್ನು ಬರೆಯಲಿ. ಯಾವುದನ್ನೂ ಪರೀಕ್ಷಿಸದೆ ಔಷಧಿಯೆಂದು ಸೇವಿಸುವುದು ಬೇಡ, ಕಾಸರಕದ ನೆನಪಿರಲಿ. ಕೊನೆಯ ಸಾಲನ್ನು ಮಾತ್ರ ಖಾಲಿ ಬಿಡದಿರಲಿ. ಹೆಸರು ಹೇಳಿದವರ ಹೆಸರನ್ನೂ ಕೇಳಿ ಬರೆಯಲಿ.

ಬರುವ ಆಟಿ ಅಮಾವಾಸ್ಯೆಗೂ ನಾವು ಕೊಟ್ಟಾರಕ್ಕೆ ಹೋಗಬೇಕೆಂದಿದ್ದೇವೆ. ಮರೆತ ಹುಲ್ಲಿನ ಹೆಸರು ಅಷ್ಟರೊಳಗೆ ನೆನಪಾದರೆ ಹೇಳುವೆನೆಂದು ಅಜ್ಜಿ ಹೇಳಿಕಳುಹಿಸಿದ್ದಾರೆ.